ಅಲ್ಲಾಡಿಸದೆ ಹೇಳಬಾರದು

ಮೊನ್ನೆ ಸ್ಟಾಫ್ ರೂಮಿನಲ್ಲಿ ಯಾರೋ ಕೊಬ್ಬರಿ ಮಿಠಾಯಿಯ ಡಬ್ಬಿ ತೆರೆದರು. ಒಣಕೊಬ್ಬರಿಯ ಆ ಎಣ್ಣೆವಾಸನೆ ಮೂಗಿಗೆ ಬಡಿದದ್ದೇ ತಡ, ಚನ್ನರಾಯಪಟ್ಟಣದ ನಮ್ಮ ಎದುರುಮನೆ ದೊಡ್ಡವ್ವ ನೆನಪಾದರು…

ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ತೆಂಗಿನಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಹೇಳುವುದಕ್ಕೆ ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗೆ ಉಂಡೆ ಲೊಟಲೊಟ ಎಂದರೆ ಒಡೆಯಬಹುದು. ನೀರು ಗುಳುಗುಳು ಎಂದರೆ ಮತ್ತೆ ಅಟ್ಟಕ್ಕೆ. ಚಿಕ್ಕವಳಿದ್ದಾಗ ನಾನೂ ಒಂದು ಕಾಯಿ ತೋರಿಸಿ, ಇದು ಆಗಿದೆ ಎಂದು ಜಂಬದಿಂದ ಹೇಳಿದ್ದೆ. ಅವರು ನಕ್ಕರು.

"ಅಲ್ಲಾಡಿಸ್ದೆ ಯೋಳ್ಬ್ಯಾಡ ಕಣವ್ವ. ಚಿಪ್ಪು ನೋಡುದ್ರೆ ವಳಗಿಂದು ಗೊತ್ತಾಗಕಿಲ್ಲ."

ಹಾಸನದ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಕೆಲಸ ಸಿಕ್ಕಿದ ದಿನ, ಸಿಹಿ ಹಿಡಿದು ಮೊದಲು ಅವರ ಮನೆಗೇ ಹೋದೆ. ಜಗುಲಿಯ ಮೇಲೆ ಬೀದಿಗೆ ಬೆನ್ನು ಹಾಕಿ ಕೂತಿದ್ದರು. ಗೇಟಿನಿಂದಲೇ ಮೂರು ಸಲ ಕರೆದೆ. ತಿರುಗಲಿಲ್ಲ. ಹಿಂದಿನ ವಾರವಷ್ಟೇ ಚರಂಡಿ ನೀರಿನ ವಿಷಯಕ್ಕೆ ಅಮ್ಮನಿಗೂ ಅವರಿಗೂ ಮಾತಿಗೆ ಮಾತು ಬೆಳೆದಿತ್ತು. ಓಹೋ, ಆ ಸಿಟ್ಟು ನನ್ನ ಮೇಲೂ ಇದೆ ಎಂದುಕೊಂಡೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಡಬ್ಬಿ ಸಮೇತ ವಾಪಸಾದೆ. ಆಮೇಲೆ ಊರಿಗೆ ಬಂದಾಗಲೆಲ್ಲ ಅವರ ಮನೆಯ ಕಡೆ ನೋಡದೆಯೇ ದಾಟಿ ಹೋಗುತ್ತಿದ್ದೆ… ಎರಡು ವರ್ಷ.

ಬೇರೆಯವರ ಮನಸ್ಸಿನಲ್ಲಿ ಏನಿದೆಯೆಂದು ಅವರನ್ನು ಕೇಳದೆ ತೀರ್ಮಾನಿಸುವುದು ನಾವೆಲ್ಲ ಮಾಡುವ ಯೋಚನೆಯ ತಪ್ಪು ಎಂದು ಅದೇ ಎರಡು ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದವಳೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ದೊಡ್ಡವ್ವ ತೀರಿಕೊಂಡರು. ತಿಥಿಯ ಊಟಕ್ಕೆ ಹೋದಾಗ ಅವರ ಸೊಸೆ ಪಕ್ಕದಲ್ಲಿ ಬಂದು ಕೂತಳು.

"ಕಡೇ ಮೂರ್ ವರ್ಸ ಅತ್ತೆಗೆ ಕಿವಿ ಕೇಳ್ತಿರ್ಲಿಲ್ಲ ಕಣಕ್ಕ. ಎದುರ್ಗೆ ನಿಂತ್ರೆ ತುಟಿ ನೋಡಿ ತಿಳ್ಕಳೋರು. ಗೊತ್ತಾದ್ರೆ ಕಾಯಿ ನೋಡಕ್ಕೆ ಯಾರೂ ಕರಿಯಾಕಿಲ್ಲ ಅಂತ ಯಾರ್ಗೂ ಯೋಳಕ್ಕೆ ಬಿಡ್ಲಿಲ್ಲ. ಕಿವಿ ತಾವ ಹಿಡ್ಕಂಡ್ರೂ, ಉಂಡೆ ಬಡಿಯೋದು ಅಂಗೈನಾಗೇ ಗೊತ್ತಾಗೋದು ಅವ್ರಿಗೆ."

ಆಮೇಲೆ ಹೇಳಿದಳು: "ನಿನ್ ಇಸ್ಯ ಬಂದ್ರೆ, ಕೆಲ್ಸ ಸಿಕ್ತು, ದೊಡ್ಡೋಳಾದ್ಲು, ನಮ್ಮನ್ಯಾಕೆ ಮಾತಾಡ್ಸಾಳು ಅನ್ನೋರು."



ಮೊನ್ನೆ ಆ ಮಿಠಾಯಿಯ ಡಬ್ಬಿ ನನ್ನ ಮುಂದೆಯೂ ಬಂತು. ಒಂದು ತುಂಡು ತೆಗೆದುಕೊಂಡೆ, ತಿನ್ನಲಾಗಲಿಲ್ಲ. ದೊಡ್ಡವ್ವನ ಗೇಟಿಗೆ ಚಿಲಕ ಕೂಡ ಇರಲಿಲ್ಲ. ಅಲ್ಲಿಂದ ಜಗುಲಿಗೆ ಹತ್ತೇ ಹೆಜ್ಜೆ. ಹೋಗಿ ಭುಜ ಹಿಡಿದು ಒಂದು ಸಲ ಅಲ್ಲಾಡಿಸಿದ್ದರೆ ತಿರುಗುತ್ತಿದ್ದರು…