ಗುರುಸಿದ್ದಪ್ಪ, ಪ್ರತಿ ಒಂದು

ನನ್ನ ಹೆಸರು ಅಮಿತ. ಅಮೀರ್‌ಪೇಟ್‌ನಲ್ಲಿ ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಗಣಿತ ಹೇಳಿಕೊಡುತ್ತೇನೆ. ವರ್ಷಕ್ಕೆ ಎರಡು ತಿಂಗಳು ಸಿಪಾಯಿ. ಇದನ್ನು ಕೇಳಿದವರು ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ನಗುತ್ತಾರೆ. ಪ್ರಾದೇಶಿಕ ಸೇನೆ ಅನ್ನುವುದೊಂದು ಈ ದೇಶದಲ್ಲಿದೆ ಎಂದು ಎಷ್ಟು ಜನಕ್ಕೆ ತಿಳಿಹೇಳುತ್ತ ಕೂರುವುದು? ಹತ್ತು ತಿಂಗಳು ನಮ್ಮ ನಮ್ಮ ಕೆಲಸ ಮಾಡಿಕೊಂಡಿರುತ್ತೇವೆ. ಎರಡು ತಿಂಗಳು ಸಿಕಂದರಾಬಾದಿನ ಬ್ಯಾರಕ್ಕಿಗೆ ಹೋಗಿ, ಬೂಟು ಹಾಕಿ, ಬಂದೂಕು ಹಿಡಿದು ಕಾಲಾಳು ಪಡೆಯವರಾಗುತ್ತೇವೆ. ಕರೆ ಬಂದರೆ ಗಡಿಗೂ ಹೋಗುತ್ತೇವೆ. ಇಲ್ಲಿ ಒಂದೇ ಒಂದು ವಿಚಿತ್ರ ಷರತ್ತು: ಹೊರಗೆ ಬೇರೊಂದು ಕೆಲಸ ಇರಲೇಬೇಕು. ಪ್ರತಿ ಶಿಬಿರಕ್ಕೂ ಬರುವಾಗ, ಈತ ನಮ್ಮಲ್ಲಿ ಕೆಲಸಕ್ಕಿದ್ದಾನೆ, ಎರಡು ತಿಂಗಳು ಬಿಟ್ಟುಕೊಡುತ್ತೇವೆ ಎಂದು ಮಾಲಕರಿಂದ ಪತ್ರ ತರಬೇಕು. ದೇಶ ಕಾಯುವುದಕ್ಕೆ ನನಗೆ ಕೋಚಿಂಗ್ ಸೆಂಟರಿನವರ ಅಪ್ಪಣೆ ಬೇಕು.

ನನ್ನ ಜತೆಯ ನಾಯಕ್ ಗುರುಸಿದ್ದಪ್ಪನಿಗೆ ಈ ಅಪ್ಪಣೆ ಅಬಿಡ್ಸ್‌ನ ಒಂದು ಹಳೆ ಪುಸ್ತಕದ ಅಂಗಡಿಯಿಂದ ಬರುತ್ತಿತ್ತು. ಅಂಗಡಿ ಹಣಮಂತರಾಯರದು. ಬೀದರ ಕಡೆಯ ಮುದುಕರು, ಮೂಗಿನ ತುದಿಯಲ್ಲಿ ಕನ್ನಡಕ, ಗಿರಾಕಿ ಪುಸ್ತಕದ ಮೂಲೆ ಮಡಚಿದರೆ ತಮ್ಮ ಕಿವಿ ಹಿಂಡಿದಷ್ಟು ನೋವು. ಕಾಲೇಜು ಹುಡುಗರಿಗೆ ಪುಸ್ತಕ ಎರವಲು ಕೊಡುತ್ತಿದ್ದರು. ಕೊಡುವಾಗ ಒಂದು ಚೀಟಿ ಬರೆಯುತ್ತಿದ್ದರು: ಪುಸ್ತಕದ ಹೆಸರು, ಪ್ರತಿ ಒಂದು, ಸ್ಥಿತಿ ಹೀಗಿದೆ. ಹಿಂತಿರುಗಿಸುವಾಗ ಅದೇ ಚೀಟಿಯ ಕೆಳಗೆ ತಂದವನು ಈಗಿನ ಸ್ಥಿತಿ ಬರೆಯಬೇಕು, ಇವರು ಮುಟ್ಟಿದೆ ಎಂದು ಸಹಿ ಹಾಕಬೇಕು. ಶಾಯಿಯ ಕಲೆ ಕಂಡರೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. ಒಬ್ಬ ಡಾಕ್ಟರು ತಾನು ಓದುವಾಗ ಮಾಡಿದ ಕಲೆಗೆ ಇಪ್ಪತ್ತು ವರ್ಷದ ಮೇಲೆ ಬೈಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಆಳಂದದ ಗುರುಸಿದ್ದಪ್ಪ ಮೊದಲ ಸಲ ಶಿಬಿರಕ್ಕೆ ಹೊರಟಾಗ ರಾಯರು ಇಂಗ್ಲಿಷಿನಲ್ಲಿ ಪತ್ರ ಟೈಪು ಮಾಡಿಸಿ ಕೊಟ್ಟರು. ಅದರ ಜತೆಗೆ ಪಿನ್ನು ಚುಚ್ಚಿ ಕನ್ನಡದಲ್ಲಿ ಒಂದು ಚೀಟಿ: 'ಗುರುಸಿದ್ದಪ್ಪ, ಪ್ರತಿ ಒಂದು. ಸ್ಥಿತಿ: ಹೊಸದು.' ತಮಾಷೆಗೆ ಬರೆದರೋ, ರೂಢಿಬಲದಿಂದ ಬರೆದರೋ ತಿಳಿಯದು. ಅವರ ಮುಖದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ನಮ್ಮ ಪಡೆಯ ಗುಮಾಸ್ತನಿಗೆ ಕನ್ನಡ ಬಾರದು. ಆದರೆ ಪತ್ರದ ಜತೆ ಬಂದ ಕಾಗದವನ್ನು ಫೈಲಿಗೆ ಸೇರಿಸಬೇಕೆಂಬ ನಿಯಮ ಬರುತ್ತದೆ. ಸೇರಿಸಿದ. ಶಿಬಿರ ಮುಗಿದಾಗ ಬಳ್ಳಾರಿ ಕಡೆಯ ಸುಬೇದಾರ್ ತಿಪ್ಪೇಸ್ವಾಮಿ ಅದನ್ನು ಓದಿ, ನಗದೆ, ಅದರ ನಕಲು ಮಾಡಿಸಿ ಎರಡರ ಕೆಳಗೂ ಬರೆದರು: 'ಹಿಂತಿರುಗಿಸಿದೆ. ಸ್ಥಿತಿ: ಬಿಸಿಲಿಗೆ ಸ್ವಲ್ಪ ಕಂದಿದೆ.' ರಾಯರು ಗುರುಸಿದ್ದಪ್ಪನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ 'ಮುಟ್ಟಿದೆ' ಎಂದು ಸಹಿ ಹಾಕಿದರಂತೆ.

ಹೀಗೆ ಹದಿನಾಲ್ಕು ವರ್ಷ. ಮಲೇರಿಯಾ ಬಂದು ಎದ್ದ ವರ್ಷದ ಚೀಟಿಯಲ್ಲಿ 'ಹೊಲಿಗೆ ಸಡಿಲಾಗಿದೆ, ಜೋಪಾನ' ಎಂದಿತ್ತು. ತಲೆ ಬೋಳಾದ ವರ್ಷ 'ಮೇಲಿನ ರಟ್ಟು ಹೋಗಿದೆ, ಒಳಗೆ ಎಲ್ಲ ಹಾಳೆ ಇವೆ.' ಗುರುಸಿದ್ದಪ್ಪನ ಸೇವಾಪುಸ್ತಕವೂ ಅಷ್ಟೇ ಚೊಕ್ಕ. ಒಂದು ದಿನ ತಡವಾಗಿ ಬಂದಿಲ್ಲ, ಒಂದು ಗುಂಡಿ ಸಡಿಲ ಬಿಟ್ಟಿಲ್ಲ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಕಾಚಿಗುಡದ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೋವ್, ಪಡೆಯವರು ಕೊಟ್ಟ ಒಂದು ಕಪ್ಪು ಟ್ರಂಕು. ಟ್ರಂಕಿನಲ್ಲಿ ಸಮವಸ್ತ್ರ. ಅಂಗಡಿ ಮತ್ತು ಪಡೆ, ಇವೆರಡು ಬಿಟ್ಟರೆ ಅವನಿಗೆ ಬೇರೆ ಲೋಕ ಇರಲಿಲ್ಲ, ಬೇಕೂ ಆಗಿರಲಿಲ್ಲ.

ಸಮವಸ್ತ್ರದ ಬಗ್ಗೆ ಪಡೆಯಲ್ಲಿ ಕಡ್ಡಾಯ ನಿಯಮವಿದೆ. ಶಿಬಿರ ನಡೆಯದ ದಿನಗಳಲ್ಲಿ ಅದನ್ನು ಹಾಕಿಕೊಳ್ಳುವಂತಿಲ್ಲ. ಹಾಕಿಕೊಂಡು ಸಿಕ್ಕಿಬಿದ್ದರೆ ಪಡೆಯಿಂದ ತೆಗೆದು ಮನೆಗೆ ಕಳಿಸುತ್ತಾರೆ. ನಾನು ಮದುವೆಯ ಫೋಟೊಕ್ಕಾದರೂ ಹಾಕಿಕೊಳ್ಳುತ್ತೇನೆಂದಾಗ ನನಗೆ ಅರ್ಧ ಗಂಟೆ ನಿಯಮ ಬೋಧಿಸಿದವನು ಈ ಗುರುಸಿದ್ದಪ್ಪನೇ.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಶಿಬಿರ ಏಪ್ರಿಲ್‌ಗೆ ಗೊತ್ತಾಗಿತ್ತು. ರಾಯರು ಪತ್ರ, ಚೀಟಿ ಎರಡನ್ನೂ ಬರೆದುಕೊಟ್ಟರು. ಗುರುಸಿದ್ದಪ್ಪ ಅವನ್ನು ಸಮವಸ್ತ್ರದ ಎದೆಯ ಜೇಬಿಗೆ ಹಾಕಿ ಟ್ರಂಕು ಮುಚ್ಚಿದ. ಕೊರೊನಾದ ಎರಡನೆಯ ಅಲೆ ಎದ್ದಿತು, ಶಿಬಿರ ಮುಂದಕ್ಕೆ ಹೋಯಿತು. ಮೇ ತಿಂಗಳಲ್ಲಿ ಲಾಕ್‌ಡೌನ್ ಬಂತು. ಅಬಿಡ್ಸ್‌ನ ಅಂಗಡಿಗೆ ಬೀಗ ಬಿತ್ತು. ಅದೇ ವಾರ ರಾಯರಿಗೆ ಜ್ವರ.

ಅವರನ್ನು ಅಮೀರ್‌ಪೇಟ್ ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದರು. ಮಗ ಶಾಂತಕುಮಾರ ಕೊಂಡಾಪುರದ ಫ್ಲ್ಯಾಟಿನಲ್ಲಿ ತಾನೂ ಜ್ವರದಿಂದ ಮಲಗಿದ್ದ. ರಾಯರ ಹೆಂಡತಿ ಸುಂದರಾಬಾಯಿ ಮನೆಯಲ್ಲಿ ಒಬ್ಬರೇ, ಅವರಿಗೂ ಜ್ವರ. ಗುರುಸಿದ್ದಪ್ಪ ಅವರಿಗೆ ಗಂಜಿ ಒಯ್ಯಲು ಬೈಕಿನಲ್ಲಿ ಹೊರಟರೆ ನಾಕಾದಲ್ಲಿ ಪೊಲೀಸರು ತಡೆದರು. ಪಾಸಿಲ್ಲ ಎಂದು ಬೈಕು ಹಿಡಿದಿಟ್ಟುಕೊಂಡು ಅವನನ್ನು ವಾಪಸು ಅಟ್ಟಿದರು. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಶಾಂತಕುಮಾರನ ಫೋನು. ಹಣಮಂತರಾಯರು ಹೋಗಿದ್ದರು. ಎರಡು ಗಂಟೆಯೊಳಗೆ ಮನೆಯವರು ಯಾರಾದರೂ ಬಂದು ಸಹಿ ಮಾಡದಿದ್ದರೆ ಶವವನ್ನು ವಾರಸುದಾರರಿಲ್ಲದವರ ಜತೆ ಕಳಿಸುತ್ತಾರಂತೆ.

"ಗುರು ಅಣ್ಣಾ, ನನಗ ಏಳಾಕ ಆಗವಲ್ದು. ಅಪ್ಪಾಜಿ ಒಬ್ರೇ ಅದಾರ," ಎಂದು ಶಾಂತಕುಮಾರ ಅತ್ತನಂತೆ.

ಗುರುಸಿದ್ದಪ್ಪ ಟ್ರಂಕು ತೆಗೆದ. ಇದರ ಪರಿಣಾಮ ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಡಿ. ಇಡೀ ಪಡೆಯಲ್ಲಿ ಆ ನಿಯಮವನ್ನು ಬಾಯಿಪಾಠ ಹೇಳಬಲ್ಲವನು ಅವನೊಬ್ಬನೇ. ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿ, ಬೂಟಿನ ಲಾಡಿ ಬಿಗಿದು, ಏಳೆಂಟು ಕಿಲೋಮೀಟರು ನಡೆದುಕೊಂಡೇ ಹೊರಟ. ನಡೆಯುವುದು ನಮ್ಮ ಕಸುಬು. ದಾರಿಯಲ್ಲಿ ನಾಲ್ಕು ನಾಕಾ. ಹಿಂದಿನ ದಿನ ಬೈಕು ಕಸಿದುಕೊಂಡ ಅದೇ ಪೇದೆ, ಅದೇ ಬೋಳುತಲೆಯ ಮೇಲೆ ಈಗ ಟೋಪಿ ಇದ್ದದ್ದರಿಂದ, "ಜಾವ್ ಸಾಬ್" ಎಂದು ಹಗ್ಗ ಎತ್ತಿ ಬಿಟ್ಟ.

ಆಸ್ಪತ್ರೆಯಲ್ಲಿ ಮನೆಯವನೆಂದು ಸಹಿ ಮಾಡಿ ಶವದ ಜತೆ ಸ್ಮಶಾನಕ್ಕೆ ಹೋದ. ಅಲ್ಲಿ ಇನ್ನೊಂದು ಪೇಚು. ಗುರುಸಿದ್ದಪ್ಪ ಲಿಂಗಾಯತ. ಅವರಲ್ಲಿ ಹೂಳುತ್ತಾರೆ. ಬೆಂಕಿ ಕೊಡುವಾಗ ಏನು ಮಾಡಬೇಕು, ಯಾವ ಕಡೆಯಿಂದ ಸುತ್ತಬೇಕು, ಏನು ಹೇಳಬೇಕು ಅವನಿಗೆ ತಿಳಿಯದು. ಹೇಳಿಕೊಡಲು ಭಟ್ಟರಿಲ್ಲ. ವಿಡಿಯೊ ಕರೆಯಲ್ಲಿದ್ದ ಶಾಂತಕುಮಾರ ಕೆಮ್ಮುತ್ತಿದ್ದ, ಮಾತು ಹೊರಡಲಿಲ್ಲ. ಮೈತುಂಬ ಬಿಳಿ ಗವಸು ಹಾಕಿದ್ದ ಕೆಲಸದವನು ಕೊಳ್ಳಿಯನ್ನು ಕೈಗೆ ಕೊಟ್ಟ. ಗುರುಸಿದ್ದಪ್ಪ ಇಟ್ಟ. ಆಮೇಲೆ ಏನು ಮಾಡಬೇಕೆಂದು ತೋಚದೆ, ತನಗೆ ಬರುವುದನ್ನು ಮಾಡಿದ. ಎರಡು ಹೆಜ್ಜೆ ಹಿಂದೆ ಸರಿದು, ಹಿಮ್ಮಡಿ ಕೂಡಿಸಿ, ಸೆಲ್ಯೂಟ್ ಹೊಡೆದು ನಿಂತ. ಗೇಟಿನಲ್ಲಿದ್ದ ಪೊಲೀಸಪ್ಪ ಅದನ್ನು ನೋಡಿ ತಾನೂ ಹೊಡೆದ. ತಮ್ಮ ಸರದಿಗೆ ಕಾಯುತ್ತಿದ್ದ ಬೇರೆ ಮನೆಯವರೆಲ್ಲ ಎದ್ದು ನಿಂತರು. ಯಾರೋ ಫೋಟೊ ತೆಗೆದರು.

ಸಂಜೆಯೊಳಗೆ ಅದು ಊರಿನ ಫೋನುಗಳಲ್ಲೆಲ್ಲ ಇತ್ತು. ಯುದ್ಧ ಮಾಡಿದ ಹಳೆಯ ಯೋಧನಿಗೆ ಒಬ್ಬನೇ ಸೈನಿಕನ ಅಂತಿಮ ನಮನ ಎಂದು ತೆಲುಗಿನಲ್ಲಿ ಬರೆದಿದ್ದರು. ಜನ್ಮದಲ್ಲಿ ಸೊಳ್ಳೆ ಹೊಡೆಯುವ ಬ್ಯಾಟು ಬಿಟ್ಟು ಬೇರೆ ಆಯುಧ ಹಿಡಿಯದ ಹಣಮಂತರಾಯರು, ರಾತ್ರಿಯ ಹೊತ್ತಿಗೆ ಕರ್ನಲ್ ಆಗಿದ್ದರು. ಫೋಟೊದಲ್ಲಿ ಗುರುಸಿದ್ದಪ್ಪನ ಎದೆಯ ಮೇಲಿನ ಹೆಸರು ಸ್ಪಷ್ಟವಾಗಿ ಓದಬಹುದಿತ್ತು. ಪಡೆಯವರೂ ಓದಿದರು.

"ಶಿಬಿರಕ್ಕ ಬಾ, ಪೇಶಿ ಐತಿ," ಎಂದಷ್ಟೇ ಹೇಳಿ ತಿಪ್ಪೇಸ್ವಾಮಿ ಫೋನು ಇಟ್ಟರು. ಪೇಶಿ ಎಂದರೆ ಕಮಾಂಡಿಂಗ್ ಆಫೀಸರರ ಮುಂದೆ ಆರೋಪಿಯಾಗಿ ನಿಲ್ಲುವುದು.

ಶಿಬಿರ ಶುರುವಾದದ್ದು ಆಗಸ್ಟ್‌ನಲ್ಲಿ. ಅಂಥ ಶಿಬಿರ ಯಾರಿಗೂ ಬೇಡ. ಬಂದ ಕೂಡಲೇ ಹದಿನಾಲ್ಕು ದಿನ ಬ್ಯಾರಕ್ಕಿನಲ್ಲಿ ಕೂಡಿಹಾಕಿದರು. ಆರಡಿಗೊಂದು ಮಂಚ, ಮಂಚಕ್ಕೊಬ್ಬ ಸಿಪಾಯಿ, ಸಿಪಾಯಿಗೊಂದು ಬಕೆಟ್. ಭುಜಕ್ಕೆ ಭುಜ ತಾಗಿಸಿ ನಡೆಯುವುದನ್ನು ವರ್ಷಗಟ್ಟಲೆ ಕಲಿಸಿದವರೇ ಈಗ ದೂರ, ಇನ್ನೂ ದೂರ ಎಂದು ಕೂಗುತ್ತಿದ್ದರು. ಹಾಜರಿ ಕರೆಯುವಾಗ ಮೂರು ಹೆಸರನ್ನು ಕರೆಯದೆ ದಾಟಿದರು. ಆ ಮೂವರೂ ಎಲ್ಲಿ ಹೋದರೆಂದು ನಮಗೆ ಗೊತ್ತಿತ್ತು. ಬದುಕಿದ್ದವರಲ್ಲಿ ಅರ್ಧ ಜನರ ಹತ್ತಿರ ಮಾಲಕರ ಪತ್ರ ಇರಲಿಲ್ಲ. ಹೋಟೆಲಿನ ಅಡುಗೆಯವನ ಹೋಟೆಲೇ ಇಲ್ಲ. ಸೇಡಂ ಕಡೆಯ ಗೌಂಡಿಯ ಮೇಸ್ತ್ರಿ ನಾಪತ್ತೆ. ನನ್ನ ಕೋಚಿಂಗ್ ಸೆಂಟರು ಮೊಬೈಲಿನೊಳಗೆ ಸೇರಿಕೊಂಡಿತ್ತು, ಪತ್ರಕ್ಕೆ ಸೀಲು ಹಾಕುವವರಿರಲಿಲ್ಲ. ನಮಗೆಲ್ಲರಿಗೂ ಮೂರು ತಿಂಗಳ ಗಡುವು ಸಿಕ್ಕಿತು. ಗುರುಸಿದ್ದಪ್ಪನದು ಮಾತ್ರ ಎರಡು ಬಗೆಯ ಕಂಟಕ. ಮಾಲಕರಿಲ್ಲ, ಅಂಗಡಿ ತೆರೆದಿಲ್ಲ, ಶಾಂತಕುಮಾರ ಅದನ್ನು ಮಾರುವ ಮಾತಾಡುತ್ತಿದ್ದ. ಮೇಲಿಂದ ಪೇಶಿ.

"ತಗದ್ರ ಏನ್ ಮಾಡ್ತಿ?" ಎಂದು ಕೇಳಿದೆ.

"ಟ್ರಂಕ್ ವಾಪಸ್ ಕೊಡ್ತೀನಿ," ಎಂದ. ಆಮೇಲೆ ಬಹಳ ಹೊತ್ತು ಬೂಟು ಉಜ್ಜಿದ. ಆ ಬೂಟಿನಲ್ಲಿ ಆಗಲೇ ಮುಖ ಕಾಣುತ್ತಿತ್ತು. ನನಗೆ ಅವನ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಪೇಶಿಯ ದಿನ ಅವನ ಟೋಪಿ, ಬೆಲ್ಟು ತೆಗೆಸಿದರು. ಪಕ್ಕದಲ್ಲಿ ನಡೆಸಿಕೊಂಡು ಹೋಗುವ ಕೆಲಸ ನನಗೇ ಬಿತ್ತು. ಕಮಾಂಡಿಂಗ್ ಆಫೀಸರರು ಹರಿಯಾಣದವರು, ಮಿತಭಾಷಿ. ಹಿಂದಿಯಲ್ಲಿ ಕೇಳಿದರು.

"ನಿಯಮ ಗೊತ್ತಿತ್ತೆ?"

"ಗೊತ್ತಿತ್ತು ಸರ್."

"ಮತ್ತೆ ಯಾಕೆ?"

"ಅವರನ್ನು ಕಳಿಸಲು ಬೇರೆ ಯಾರೂ ಇರಲಿಲ್ಲ ಸರ್."

ಅಷ್ಟೇ. ಬೈಕು ಹಿಡಿದದ್ದು, ಎರಡು ಗಂಟೆಯ ಗಡುವು, ಯಾವುದನ್ನೂ ಹೇಳಲಿಲ್ಲ. ನನಗೆ ಅವನ ಪಾದ ತುಳಿಯಬೇಕೆನಿಸಿತು. ಸಾಹೇಬರು ಮಾಲಕರ ಪತ್ರ ಕೇಳಿದರು. ಗುರುಸಿದ್ದಪ್ಪ ಎದೆಯ ಜೇಬಿನಿಂದ ತೆಗೆದುಕೊಟ್ಟ. ಏಪ್ರಿಲ್‌ನದು. ಸ್ಮಶಾನಕ್ಕೂ ಅದೇ ಜೇಬಿನಲ್ಲಿ ಹೋಗಿ ಬಂದದ್ದು.

"ಬರೆದವರು?"

"ಫೋಟೊದಲ್ಲಿ ಉರಿಯುತ್ತಿರುವವರು ಸರ್."

ಸಾಹೇಬರು ಪಿನ್ನು ಚುಚ್ಚಿದ ಚೀಟಿ ತಿರುಗಿಸಿ ನೋಡಿ, ಇದೇನು ಎಂದರು. ತಿಪ್ಪೇಸ್ವಾಮಿ ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಓದಿದರು: ಗುರುಸಿದ್ದಪ್ಪ, ಪ್ರತಿ ಒಂದು. ಸ್ಥಿತಿ: ಹಳೆಯದು. ಇಂಥದ್ದು ಈಗ ಸಿಗುವುದಿಲ್ಲ, ಕಳೆಯಬೇಡಿ.

ಸಾಹೇಬರು ಫೈಲು ತರಿಸಿದರು. ಹದಿನಾಲ್ಕು ಚೀಟಿ ಇದ್ದವು. ಒಂದೊಂದನ್ನೂ ಓದಿಸಿದರು. ಹಿಂತಿರುಗಿಸಿದ್ದರ ಷರಾವನ್ನು ಓದುವಾಗ ಅದನ್ನು ಬರೆದ ತಿಪ್ಪೇಸ್ವಾಮಿಯವರ ಕಿವಿ ಕೆಂಪಾಯಿತು. ನಾವು ಸಾವಧಾನ್ ಭಂಗಿಯಲ್ಲಿ ನಿಂತೇ ಇದ್ದೆವು, ನನ್ನ ಬೆನ್ನು ಹಿಡಿದುಕೊಂಡಿತ್ತು.

ತೀರ್ಪು ಸಣ್ಣದಿತ್ತು. ತಪ್ಪು ತಪ್ಪೇ. ತೀವ್ರ ಖಂಡನೆ, ಸೇವಾಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ದಾಖಲೆ. ಸದ್ಯಕ್ಕೆ ಹವಾಲ್ದಾರ್ ಆಗುವ ಮಾತಿಲ್ಲ. ಪಡೆಯಿಂದ ತೆಗೆಯುವುದಿಲ್ಲ, ಆದರೆ ಉಳಿದವರಂತೆ ಇವನೂ ಶಿಬಿರ ಮುಗಿದ ಮೂರು ತಿಂಗಳಲ್ಲಿ ಬದುಕಿರುವ ಮಾಲಕರಿಂದ ಪತ್ರ ತರಬೇಕು. ತಾರದಿದ್ದರೆ ಟ್ರಂಕು ವಾಪಸು. ಹೊರಗೆ ಬಂದ ಮೇಲೆ ಗುರುಸಿದ್ದಪ್ಪ ಆ ಕೆಂಪು ಸಾಲನ್ನು ನೋಡುತ್ತ, "ಮಾಲಕರು ಇದ್ದಿದ್ರ ಬೈತಿದ್ರು," ಎಂದ.

ಶಿಬಿರ ಮುಗಿದ ದಿನ ತಿಪ್ಪೇಸ್ವಾಮಿ ಚೀಟಿಯ ನಕಲು ಅವನ ಕೈಗಿಟ್ಟರು. "ಪದ್ಧತಿ ಬಿಡಬಾರದು. ಅವರ ಮನಿಗೆ ಒಯ್ದು ಕೊಡು," ಎಂದರು. ನಾನೂ ಜತೆಗೆ ಹೋದೆ.

ಸುಂದರಾಬಾಯಿ ಸೊರಗಿದ್ದರು. ಬಾಗಿಲಲ್ಲೇ ನಿಂತು ಚೀಟಿ ಇಸಿದುಕೊಂಡರು. ರಾಯರ ಕನ್ನಡಕ ಹಾಕಿಕೊಂಡು ಓದಿದರು. ಕೆಳಗೆ ತಿಪ್ಪೇಸ್ವಾಮಿ ಬರೆದಿದ್ದರು: 'ಹಿಂತಿರುಗಿಸಿದೆ. ಒಂದು ಕಡೆ ಕೆಂಪು ಶಾಯಿ ಬಿದ್ದಿದೆ. ಉಳಿದಂತೆ ಸರಿ.'

"ಶಾಯಿ ಯಾಕ ಬಿತ್ತೋ ಗುರು?"

"ಮಾಲಕರನ್ನ ಕಳಿಸಾಕ ಹೋದಾಗ ಬಿತ್ರಿ ಅಮ್ಮಾರ."

ಸುಂದರಾಬಾಯಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹಿಂದೆ ತಿರುಗು ಎಂದರು, ತಿರುಗಿದ. ಮುಂದೆ ತಿರುಗು ಎಂದರು, ತಿರುಗಿದ. ಒಳಗಿನಿಂದ ಪೆನ್ನು ತಂದು, ಗೋಡೆಗೆ ಚೀಟಿ ಒತ್ತಿಹಿಡಿದು, ನಿಧಾನವಾಗಿ 'ಮುಟ್ಟಿದೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಅಂಗಡಿಯ ಬೀಗದ ಕೈ ಅವನ ಅಂಗೈಯಲ್ಲಿಟ್ಟರು.

"ಶಾಂತೂಗ ಹೇಳೀನಿ, ಅಂಗಡಿ ಮಾರಂಗಿಲ್ಲ. ನಾಳೆ ಕದಾ ತೆಗಿ, ಭಾಳ ಧೂಳು ಕುಂತಿರ್ತೈತಿ. ನಿಮ್ಮ ಸಾಹೇಬ್ರಿಗೆ ಕೊಡೂ ಪತ್ರಾನೂ ನಾನ ಬರೀತೀನಿ," ಎಂದರು.

ಗುರುಸಿದ್ದಪ್ಪನ ಮೈಮೇಲೆ ಸಮವಸ್ತ್ರ ಇರಲಿಲ್ಲ, ಬರೀ ಅಂಗಿ ಪ್ಯಾಂಟು. ಅದರಲ್ಲೇ ಹಿಮ್ಮಡಿ ಕೂಡಿಸಿ ನಿಂತ. ಬೀಗದ ಕೈ ಇದ್ದ ಕೈ ಹಣೆಯವರೆಗೆ ಹೋಯಿತು.