ಗರಂ ಮೇಸ್ತ್ರಿಯ ಎರಡನೇ ಗೆರೆ

ಗರಂ ಮೇಸ್ತ್ರಿಯ ಕಸುಬು ಗಾಜು ಕೊಯ್ಯುವುದು, ಹವ್ಯಾಸ ಜಗಳ. ಮೂವತ್ತೊಂದು ವರ್ಷ ಒಂದೇ ಅಂಗಡಿಯ ಒಂದೇ ಮೇಜಿನ ಮುಂದೆ ನಿಂತು ಆತ ಎರಡನ್ನೂ ಸರಿಸಮನಾಗಿ ಬೆಳೆಸಿಕೊಂಡು ಬಂದಿದ್ದ. ಪಕ್ಕದ ಬೀಗದಂಗಡಿಯವನೊಂದಿಗೆ ಮೆಟ್ಟಿಲಿನ ವಿಷಯಕ್ಕೆ ಹನ್ನೊಂದು ವರ್ಷದ ಯುದ್ಧ, ಎದುರಿನ ಕ್ಷೌರಿಕನೊಂದಿಗೆ ರೇಡಿಯೋ ವಿಷಯಕ್ಕೆ ಆರು ವರ್ಷದ್ದು, ಷಡ್ಡಕನೊಂದಿಗೆ ವಿಷಯವೇ ಬೇಕಿಲ್ಲದ ಮಹಾಯುದ್ಧ. ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಈ ಮಹಾಶಯ ಅದೇ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜುತ್ತಿದ್ದ. ಉಜ್ಜುತ್ತ ಉಜ್ಜುತ್ತ ಮೇಸ್ತ್ರಿಯ ಮೇಜಿನ ಮೇಲೆ ಕಣ್ಣಿಟ್ಟಿದ್ದ.

ಗಾಜು ಕೊಯ್ಯುವವರಿಗೆ ಇರುವುದು ಒಂದೇ ಕಟ್ಟಳೆ. ಕಟರ್‌ನ ಪುಟ್ಟ ಚಕ್ರ ಗಾಜಿನ ಮೇಲೆ ಒಂದೇ ಸಲ ಓಡಬೇಕು, ಆಮೇಲೆ ಅಂಚು ಒತ್ತಿದರೆ ಗಾಜು ಆ ಗೆರೆಗುಂಟ ಎರಡಾಗುತ್ತದೆ. ಗೆರೆ ಬಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಅದರ ಮೇಲೇ ಇನ್ನೊಮ್ಮೆ ಎಳೆದರೆ ಮುಗಿಯಿತು, ಗಾಜು ತನಗೆ ತೋಚಿದ ಕಡೆ ಸೀಳುತ್ತದೆ. ಇದನ್ನು ಇಡೀ ಬೀದಿಗೆ ಕೂಗಿ ಕೂಗಿ ಕಲಿಸಿದವನು ಮೇಸ್ತ್ರಿಯೇ.

ಅಂಥವನ ಕೈಯಲ್ಲಿ ಒಂದು ದಿನ ಆಳೆತ್ತರದ ಗಾಜಿನ ಹಾಳೆ ಎತ್ತುವಾಗಲೇ ಪುಡಿಪುಡಿಯಾಯಿತು. ಒಂದು ಹನಿ ರಕ್ತ ಬರಲಿಲ್ಲ. ಆದರೆ ಮಾರನೆಯ ದಿನದಿಂದ ಮೇಜಿನ ಮುಂದೆ ನಿಂತರೆ ಸಾಕು, ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಎಳೆದ ಗೆರೆಯ ಮೇಲೆ ಕೈ ತಾನಾಗಿ ಮತ್ತೆ ಓಡುವುದು. ಐದು ತಿಂಗಳಲ್ಲಿ ಒಂಬತ್ತು ಹಾಳೆ ಸ್ವರ್ಗಸ್ಥವಾದವು. ಜಗಳಕ್ಕೂ ಉಸಿರಿರಲಿಲ್ಲ. ಬೀದಿ ಸುಖವಾಗಿತ್ತು, ಕ್ಷೌರಿಕನಂತೂ ರೇಡಿಯೋದ ಕಿವಿ ಇನ್ನಷ್ಟು ತಿರುವಿದ.

ಕೊನೆಗೆ ಅಂಗಡಿಯ ಸಾಹುಕಾರರು ಕರೆದು ಹೇಳಿದರು: "ಮುಂದಿನ ತಿಂಗಳು ಒಂದನೇ ತಾರೀಖು ಹೋಟೆಲಿನವರ ದೊಡ್ಡ ಕನ್ನಡಿ ಇದೆ ಮೇಸ್ತ್ರಿ. ನೀವೇ ಕೊಯ್ಯಿರಿ. ಅದೂ ಹೋಯ್ತು ಅಂದ್ರೆ ಮೇಜು ನಿಮ್ಮ ಷಡ್ಡಕರಿಗೆ. ನೀವು ಅಂಚು ಉಜ್ಜಿ."

ಷಡ್ಡಕ ನೆಲ ನೋಡಿದ. ನೆಲದ ಮೇಲೆ ಅಷ್ಟು ನಗುವಂಥದ್ದೇನೂ ಇರಲಿಲ್ಲ.

ಹೆಂಡತಿ ದರದರ ಡಾಕ್ಟರ ಬಳಿ ಎಳೆದೊಯ್ದಳು. ಎದೆಯ ಪರೀಕ್ಷೆಯೆಲ್ಲ ಆಯಿತು. ಹೃದಯ ಗಟ್ಟಿಯಾಗಿದೆ, ಇದು ಆತಂಕ ಎಂದು ಹೇಳಿ ಡಾಕ್ಟರು ಸಮ್ಮೋಹನ ಚಿಕಿತ್ಸೆ ಮಾಡುವ ಪಕ್ಕದ ಕೋಣೆಯ ಹೆಂಗಸಿನ ಬಳಿ ಕಳಿಸಿದರು. ಮೇಸ್ತ್ರಿ ಕುರ್ಚಿಯ ತುದಿಯಲ್ಲಿ ಕೂತು ತೋಳು ಕಟ್ಟಿದ.

"ಏನಮ್ಮಾ, ಸರಪಳಿ ಅಲ್ಲಾಡ್ಸಿ ನನ್ನ ಕೈಲಿ ಕೋಳಿ ಹಾಗೆ ಕೂಗಿಸ್ತೀಯಾ?"

"ಬಂದಾಗಿನಿಂದ ಕೂಗ್ತಾನೇ ಇದ್ದೀರಲ್ಲ, ಅದಕ್ಕೆ ನಾನು ಯಾಕೆ?"

"ನಾನು ಕಣ್ಣು ಮುಚ್ಚಲ್ಲ!"

"ಮುಚ್ಚಬೇಡಿ. ಎಲ್ಲಿ ಬೇಕೋ ಅಲ್ಲಿ ನೋಡ್ತಾ ಇರಿ."

ಮೇಸ್ತ್ರಿ ಆಕೆಯ ಕಿಟಕಿ ನೋಡಿದ. ಅವನ ಮೂಗು ಸೊಟ್ಟಗಾಯಿತು. "ಥೂ! ಅದನ್ನ ಯಾವ ಪುಣ್ಯಾತ್ಮ ಕೊಯ್ದ? ಹಲ್ಲಲ್ಲಿ ಕಚ್ಚಿ ತೆಗೆದ ಹಾಗಿದೆ ಅಂಚು."

"ನೀವಾಗಿದ್ರೆ ಹೇಗೆ ಕೊಯ್ತಿದ್ರಿ?"

ಅದೊಂದು ಪ್ರಶ್ನೆ ಸಾಕಾಯಿತು. ಮೇಸ್ತ್ರಿ ಬೈಯುತ್ತ ಬೈಯುತ್ತ ಗಾಜು ಒರೆಸಿದ, ಅಳತೆಪಟ್ಟಿ ಇಟ್ಟ, ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿದ, ಎಲ್ಲವೂ ಬಾಯಲ್ಲೇ. ಆಕೆ "ಹೂಂ, ಆಮೇಲೆ?" ಎನ್ನುತ್ತಿದ್ದಳು. ಪ್ರತಿ "ಆಮೇಲೆ"ಯೂ ಹಿಂದಿನದಕ್ಕಿಂತ ನಿಧಾನ, ಹಿಂದಿನದಕ್ಕಿಂತ ಮೆತ್ತಗೆ. ಶತ್ರುವಿನ ಕೋಟೆಯಲ್ಲಿ ರೆಪ್ಪೆಗಳೇ ಬಾಗಿಲು ಹಾಕಿಕೊಂಡದ್ದು ನಮ್ಮ ವೀರನಿಗೆ ತಿಳಿಯಲಿಲ್ಲ.

"ಗೆರೆ ಮುಗೀತು," ಎಂದಳು ಆಕೆ. "ಕಲೀತಿದ್ದಾಗ, ಗೆರೆ ಮುಗಿದ ಮೇಲೆ ಕಟರ್ ಎಲ್ಲಿಗೆ ಹೋಗ್ತಿತ್ತು?"

"ಜೇಬಿಗೆ." ಅವನ ದನಿ ಬಹಳ ದೂರದಿಂದ ಬಂತು. "ಕೈಯಲ್ಲಿ ಇಟ್ಕೊಂಡ್ರೆ ಗುರುಗಳು ಹೊಡೀತಿದ್ರು."

"ಹಾಗಾದ್ರೆ ಉಸಿರು ಪೂರ್ತಿ ಬಿಡಿ. ಉಸಿರು ಹೋದ ಹಾಗೇ ಕಟರ್ ಜೇಬಿಗೆ ಹೋಗುತ್ತೆ. ಎದೆ ಹೊಡ್ಕೊಳ್ಳಲಿ, ಪರವಾಗಿಲ್ಲ. ಕೈ ಖಾಲಿ."

ಮುಕ್ಕಾಲು ಗಂಟೆಯ ಮೇಲೆ ಮೇಸ್ತ್ರಿ ದಡಬಡಿಸಿ ಎದ್ದ. "ನಾನೇನೂ ನಿದ್ದೆ ಮಾಡ್ಲಿಲ್ಲ!"

"ಇದು ನಿದ್ದೆ ಅಂತ ನಾನೂ ಹೇಳ್ಲಿಲ್ಲ. ಮುಂದಿನ ಬುಧವಾರ ಬನ್ನಿ. ಅಲ್ಲಿವರೆಗೆ ಮನೇಲಿ ದಿನಾ ಹೀಗೇ ಅಭ್ಯಾಸ."

ಮೂರು ಬುಧವಾರ ಬೈದುಕೊಂಡೇ ಹೋದ. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಸಿರು ಬಿಟ್ಟು ಅಂಗಿಯ ಜೇಬು ತಟ್ಟಿಕೊಳ್ಳುವ ಗಂಡನನ್ನು ಕಂಡು ಹೆಂಡತಿ ತಂಗಿಗೆ ಹೇಳಿದಳು. ತಂಗಿ ಗಂಡನಿಗೆ ಹೇಳಿದಳು. ಹೀಗೆ ರಹಸ್ಯ ಶತ್ರುಪಾಳಯ ಸೇರಿತು.

ಒಂದನೇ ತಾರೀಖು ಕನ್ನಡಿಯ ಹಾಳೆ ಮೇಜಿನ ಮೇಲೆ ಪವಡಿಸಿತ್ತು. ಸಾಹುಕಾರರು ಉಗುರು ಕಚ್ಚುತ್ತಿದ್ದರು. ಮೇಸ್ತ್ರಿಯ ಬೆನ್ನು ತೊಯ್ದು ಹೋಗಿತ್ತು. ಚಕ್ರ ಸರ್ರನೆ ಈ ತುದಿಯಿಂದ ಆ ತುದಿಗೆ ಓಡಿತು. ಎದೆ ಡವಡವ ಶುರು ಹಚ್ಚಿಕೊಂಡಿತು.

ಆಗ ಬೆನ್ನ ಹಿಂದೆ ಜೇನಿನಲ್ಲಿ ಅದ್ದಿದ ಷಡ್ಡಕನ ದನಿ: "ಭಾವ, ಮಧ್ಯದಲ್ಲಿ ಗೆರೆ ಬಿದ್ದ ಹಾಗಿಲ್ಲ. ಒಂದ್ಸಲ ಮೇಲೆ ಎಳೆದುಬಿಡಿ, ಯಾಕೆ ಅನುಮಾನ?"

ಕೈ ಗೆರೆಯತ್ತ ಒಂದು ಗೇಣು ಹಿಂದಕ್ಕೆ ಹೋಯಿತು. ಸಾಹುಕಾರರ ಉಗುರು ಹಲ್ಲಿನಲ್ಲೇ ನಿಂತಿತು. ಮೇಸ್ತ್ರಿ ಉಸಿರು ಬಿಟ್ಟ. ಎಷ್ಟು ಉದ್ದದ ಉಸಿರೆಂದರೆ ಕನ್ನಡಿಯ ಮೇಲೆ ಮಂಜು ಕವಿಯಿತು. ಕಟರ್ ಜೇಬಿಗೆ ಬಿತ್ತು. ಎದೆಯೇನೋ ಬಡಿಯುತ್ತಲೇ ಇತ್ತು, ಬಡಿಯಲಿ. ಖಾಲಿ ಕೈಗಳು ಗಾಜಿನ ಅಂಚು ಹಿಡಿದು ಒತ್ತಿದವು. ಟಕ್. ಎರಡು ಹೋಳು, ಬೆಣ್ಣೆ ಕೊಯ್ದಂತೆ.

"ಏನೋ ಅಂದೆಯಲ್ಲ?" ಮೇಸ್ತ್ರಿ ತಿರುಗಿದ. ಇಷ್ಟು ತಿಂಗಳ ಬಾಕಿ ಬೈಗುಳ ಒಟ್ಟಿಗೇ ಹೊರಬಂತು. ಷಡ್ಡಕ ಮುಗಿದ ಮೇಲೆ ಮೆಟ್ಟಿಲಿನ ಪಾಳಿ, ಆಮೇಲೆ ರೇಡಿಯೋ. ಬೀದಿ ಮತ್ತೆ ಹಳೆಯ ನರಕವಾಯಿತು.

ನಾಲ್ಕನೇ ಬುಧವಾರ ಮೇಸ್ತ್ರಿ ಕಂಕುಳಲ್ಲಿ ಗಾಜು ಹಿಡಿದು ಬಂದ. "ಇದೇನೂ ಉಡುಗೊರೆ ಅಲ್ಲಮ್ಮ. ಆ ದರಿದ್ರ ಕಿಟಕಿ ನೋಡ್ಕೊಂಡು ಕೂರೋಕೆ ನನ್ನ ಕೈಲಿ ಆಗಲ್ಲ." ಹಳೆಯದನ್ನು ಶಾಪ ಹಾಕುತ್ತ ಕಿತ್ತು, ಹೊಸದನ್ನು ಕೂರಿಸಿ, ಒರೆಸಿ, ಕುರ್ಚಿಯಲ್ಲಿ ಕೂತ. ಕಿಟಕಿ ನೋಡಿದ. ಬೈಯಲು ಏನೂ ಇರಲಿಲ್ಲ. ಗಾಬರಿಯಿಂದ ಕೋಣೆಯೆಲ್ಲ ಕಣ್ಣಾಡಿಸಿದ.

ಪುಣ್ಯಕ್ಕೆ ಕಪಾಟಿನ ಬಾಗಿಲು ಸೊಟ್ಟಗಿತ್ತು. "ಇದನ್ನ ಯಾವ ಪುಣ್ಯಾತ್ಮ..." ಎನ್ನುತ್ತ ನೆಮ್ಮದಿಯಾಗಿ ಒರಗಿಕೊಂಡ.

"ಹೂಂ," ಎಂದಳು ಆಕೆ. "ಆಮೇಲೆ?"