ಒಡ್ಡಿನ ಮೇಲಿನ ಹುತ್ತ

ಹೊಲ ಓಡಿಹೋಗುವುದನ್ನು ಯಾರಾದರೂ ಕಣ್ಣಾರೆ ಕಂಡಿದ್ದೀರಾ? ಗಬ್ಬೂರು ಕಡೆಯ ಚನ್ನಮಲ್ಲಮ್ಮ ಕಂಡಳು.

ಆಕೆಯದು ಗುಡ್ಡದ ಮಗ್ಗುಲಿನ ಇಳಿಜಾರು ನೆಲ. ಮದುವೆಯಾಗಿ ಬಂದಾಗ ಅದನ್ನು ಹೊಲ ಎನ್ನಲು ನಾಚಿಕೆಯಾಗುವಂತಿತ್ತು. ಬರೀ ಗರಸು, ಕೊರಕಲು. ಮಳೆ ಬಿದ್ದರೆ ಬಿತ್ತಿದ ಬೀಜದ ಸಮೇತ ಮಣ್ಣು ಹಳ್ಳ ಸೇರುತ್ತಿತ್ತು. ಗಂಡ ಗಡಿಗೆಪ್ಪ ಇರುವ ತನಕ ಇಬ್ಬರೂ ಬೇಸಿಗೆಯೆಲ್ಲ ಕಲ್ಲು ಹೊತ್ತು ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿದರು. ಅವನು ಹೋದ ಮೇಲೆ ಒಬ್ಬಳೇ ಹಾಕಿದಳು. ಒಡ್ಡಿಗೆ ನಿಂತ ನೀರು ಹೊತ್ತು ತಂದ ಮಣ್ಣನ್ನು ಅಲ್ಲೇ ಬಿಟ್ಟು ಇಂಗುತ್ತದೆ. ಹಾಗೆ ವರ್ಷ ವರ್ಷ ಒಂದಿಷ್ಟು ನೆಲ ಕೂಡಿ, ಕಡೆಗೆ ಸಜ್ಜೆ, ಆಳೆತ್ತರ ತೊಗರಿ ಬಂತು. "ಈ ಮಣ್ಣು ನಾ ಹಡದದ್ದು" ಎಂದು ಆಕೆ ಹೇಳಿದರೆ ಊರಲ್ಲಿ ಯಾರೂ ನಗುತ್ತಿರಲಿಲ್ಲ.

ದೊಡ್ಡ ಒಡ್ಡಿನ ನಟ್ಟನಡುವೆ ಗೆದ್ದಲು ಹುತ್ತ ಕಟ್ಟಿತು. ಚನ್ನಮಲ್ಲಮ್ಮ ಹಿಗ್ಗಿಹೋದಳು, ಸಾಕ್ಷಾತ್ ನಾಗಪ್ಪನೇ ಹೊಲ ಕಾಯಲು ಬಂದನಲ್ಲ! ಪಂಚಮಿ ಬಂತೆಂದರೆ ಹಾಲು, ಅಳ್ಳು, ತಂಬಿಟ್ಟು ಎಲ್ಲ ಅಲ್ಲೇ. ಕೆಳಗಿನ ಹೊಲದ ಮೌನಪ್ಪ ಒಡ್ಡು ಹಾಕುವ ಕೂಲಿಯಲ್ಲೇ ಬೆಳೆದವನು. ಒಮ್ಮೆ ಮೆಲ್ಲಗೆ ಬಾಯಿಬಿಟ್ಟ.

"ಯವ್ವಾ, ಒಡ್ಡಿನಾಗ ಹುತ್ತ ಇರಬಾರದ್ರಿ. ಒಳಗ ಪೊಳ್ಳ ಆಗಿರ್ತದ. ಅಗದು, ಮಣ್ಣು ತುಂಬಿ ಬಡೀಬೇಕ್ರಿ."

"ನಾಗಪ್ಪನ ಮನಿ ಕೆಡವು ಅಂತಿಯೇನೋ ಭಾಡ್ಯಾ? ನಿನ್ನ ಬಾಯಾಗ ಹುಳ ಬೀಳಲಿ!"

ಹೋದ ವರ್ಷ ಪಂಚಮಿ ಕಳೆದು ಇನ್ನೂ ವಾರವಾಗಿರಲಿಲ್ಲ. ಹುತ್ತದ ಮೇಲಿನ ಅರಿಶಿನ ಮಾಸಿರಲಿಲ್ಲ. ಮಧ್ಯಾಹ್ನ ಗುಡ್ಡದ ಮೇಲೆ ಮುಗಿಲು ಹರಿದುಬಿದ್ದಂತೆ ಮಳೆ. ಒಡ್ಡಿನ ಹಿಂದೆ ಕೆಂಪು ನೀರು ಏರುವುದನ್ನು ಆಕೆ ನೋಡುತ್ತಿದ್ದಾಗಲೇ ಮೌನಪ್ಪ ಗುದ್ದಲಿ, ಖಾಲಿ ಚೀಲ ಹಿಡಿದು ಏದುಸಿರು ಬಿಡುತ್ತ ಬಂದ.

"ಯವ್ವಾ, ಒಡ್ಡಿನ ಆ ಕಡೆ ನೀರು ಚಿಮ್ಮಾಕತ್ತದ್ರಿ! ಹುತ್ತದಾಗ ಹೊಕ್ಕು ಹೊಂಟದ. ಸರೀರಿ, ಒಡದು ಮಣ್ಣಿನ ಚೀಲ ತುರುಕ್ತೀನಿ!"

ಚನ್ನಮಲ್ಲಮ್ಮ ಹುತ್ತಕ್ಕೆ ಅಡ್ಡ ನಿಂತಳು. "ಮೊದಲು ನನ್ನ ಮ್ಯಾಲ ಹಾಕು ಗುದ್ದಲಿ."

ಅವನು ಗುದ್ದಲಿ ಇಳಿಸಿದ. ಅಷ್ಟರಲ್ಲಿ ಕಾಲ ಕೆಳಗಿನ ನೆಲ ನಡುಗಿತು. ಅವನು ರಟ್ಟೆ ಹಿಡಿದು ಎಳೆಯದಿದ್ದರೆ ಆಕೆಯೂ ಹೋಗುತ್ತಿದ್ದಳು. ಯಪ್ಪಾ ಶಿವನೇ! ಒಡ್ಡು ಬಾಯಿ ಬಿಟ್ಟಿತು, ತೊಗರಿ ನಿಂತಲ್ಲೇ ಮಲಗಿತು, ನೆಲವೆಲ್ಲ ಕರಗಿ ಕೆಳಗೆ ನುಗ್ಗಿತು. ಒಂದು ಜನ್ಮ ಕೂಡಿಟ್ಟ ಮಣ್ಣು ಹೋಗಲು ಒಂದು ಎಲೆ ಅಡಿಕೆ ಅಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಮಳೆ ನಿಂತಿತು. ಮುರಿದು ಉಳಿದ ಅರ್ಧ ಹುತ್ತದೊಳಗೆ ಆಕೆ ಇಣುಕಿದಳು. ಹಾವಿಲ್ಲ, ಹಾವಿನ ಪೊರೆಯೂ ಇಲ್ಲ. ಹಿಂದಿನ ಸುಗ್ಗಿಯಲ್ಲಿ ಇಲಿ ಕೂಡಿಟ್ಟ ಸಜ್ಜೆ ತೆನೆ ಇದ್ದವು, ಅವೂ ಆಕೆಯ ಹೊಲದವೇ.

ಕೆಳಗೆ ಮೌನಪ್ಪನ ಎಳೆ ಹತ್ತಿ ಪೂರ್ತಿ ಹೂತುಹೋಗಿತ್ತು. ಅವನು ಬೈಯಲಿಲ್ಲ; ಬೈದಿದ್ದರೆ ಆಕೆಗೆ ಹಗುರಾಗುತ್ತಿತ್ತು.

"ಮೌನಪ್ಪಾ, ನನ್ನ ಮಣ್ಣು..." ಎಂದಳು ಕಡೆಗೆ.

"ನನ್ನ ಹತ್ತಿ ಅದರ ಬುಡಕ ಅದ್ರಿ. ಹೊತ್ಕೊಂಡು ಹೋಗ್ರಿ, ಯವ್ವಾ."

ಬೇಸಿಗೆಯುದ್ದಕ್ಕೂ ಹೊತ್ತಳು. ಅವನೂ ಬುಟ್ಟಿ ಎತ್ತಿಕೊಟ್ಟ. ಒಡ್ಡು ಮತ್ತೆ ಎದ್ದಿತು.

ಈ ಸಲ ಮುಂಗಾರು ಬೀಳುವ ಮುಂಚೆ ನೋಡುತ್ತಾಳೆ, ಅದೇ ಜಾಗದಲ್ಲಿ ಗೇಣೆತ್ತರದ ಹೊಸ ಹುತ್ತ! ಮೌನಪ್ಪ ನೋಡಿಯೂ ನೋಡದವನಂತೆ ನಿಂತಿದ್ದ. ಆಕೆ ಅವನ ಕೈಯಿಂದ ಗುದ್ದಲಿ ತೆಗೆದುಕೊಂಡು ಹುತ್ತಕ್ಕೆ ತಲೆಬಾಗಿದಳು.

"ತಪ್ಪಾತು ನಮ್ಮಪ್ಪಾ. ಗುಡ್ಡ ಇಡೀ ನಿಂದ ಅದ, ಅಲ್ಲಿ ಮನಿ ಮಾಡು. ಹಾಲು ಅಲ್ಲಿಗೇ ತರ್ತೀನಿ."

ಎತ್ತಿದ ಗುದ್ದಲಿಯನ್ನು ಆಕೆ ಮತ್ತೆ ಇಳಿಸಿದಳು. "ನಾ ಹಾಕ್ಲೇನ್ರಿ?" ಎಂದ ಮೌನಪ್ಪ.

"ಬ್ಯಾಡ. ಈ ಮಣ್ಣು ಹಡದಾಕಿ ನಾನು" ಎಂದು ಚನ್ನಮಲ್ಲಮ್ಮ ಗುದ್ದಲಿ ಎತ್ತಿ ಹಾಕಿದಳು.